‘ತಾನೇ?’ ಅಂತ ಮುಗಿಯುವುದು ಪ್ರಶ್ನೆಯಲ್ಲ

ಕನ್ನಡದಲ್ಲಿ ‘ತಾನೇ’ ಅಂತ ಮುಗಿಯುವ ವಾಕ್ಯ ಪ್ರಶ್ನೆಯ ವೇಷ ಹಾಕಿರುತ್ತದೆ, ಅಷ್ಟೇ. ‘ಬ್ರಿಟನ್ನಿನವರು ಯೂರೋಪ್ ಒಕ್ಕೂಟ ಬಿಟ್ಟಿದ್ದು ವರ್ಣದ್ವೇಷದಿಂದ ತಾನೇ?’ ಎಂದು ಕೇಳುವವರಿಗೆ ಬೇಕಾಗಿರುವುದು ಉತ್ತರವಲ್ಲ, ಹೆಬ್ಬೆಟ್ಟು. ಇದಕ್ಕೊಬ್ಬ ತಮ್ಮನಿದ್ದಾನೆ: ‘ನಮ್ಮವರೇ ಎಷ್ಟೋ ಜನ ಬಿಡೋಣ ಅಂತ ವೋಟು ಹಾಕಿದ್ರಂತಲ್ಲ, ಇನ್ನೆಲ್ಲಿಯ ವರ್ಣದ್ವೇಷ?’ ಅಣ್ಣನಿಗೂ ತಮ್ಮನಿಗೂ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಹೋಳಿಗೆ ಮೇಲೆ ತುಪ್ಪ ಬೀಳುವಷ್ಟರಲ್ಲಿ ಮುಗಿಸುವಂಥ ಉತ್ತರ ಇದಕ್ಕಿಲ್ಲ. ಹೌದು ಅಂದರೆ ಒಬ್ಬರು ತಲೆಯಾಡಿಸುತ್ತಾರೆ, ಇಲ್ಲ ಅಂದರೆ ಇನ್ನೊಬ್ಬರು. ಕೇಳಿಸಿಕೊಂಡವರು ಯಾರೂ ಇಲ್ಲ.

ತೊಂದರೆ ಏನೆಂದರೆ ಈ ಒಂದು ವಾಕ್ಯದ ಹೊಟ್ಟೆಯಲ್ಲಿ ಮೂರು ಪ್ರಶ್ನೆಗಳಿವೆ. ಮತದಾರ ಯಾಕೆ ಹಾಗೆ ವೋಟು ಹಾಕಿದ? ಪ್ರಚಾರ ಮಾಡಿದವರು ಏನು ಮಾಡಿದರು? ಆಮೇಲೆ ಬಂದ ಕಾನೂನು ಯಾರ ತಲೆಯ ಮೇಲೆ ಬಿತ್ತು? ಒಂದಕ್ಕೆ ಸಮೀಕ್ಷೆ ನೋಡಬೇಕು, ಒಂದಕ್ಕೆ ಪೋಸ್ಟರ್ ನೋಡಬೇಕು, ಒಂದಕ್ಕೆ ವೀಸಾ ನಿಯಮ ಓದಬೇಕು. ಜನ ಪೋಸ್ಟರ್ ತೋರಿಸಿ ಮತದಾರನ ಮನಸ್ಸು ಹೇಳುತ್ತಾರೆ.

ಮೊದಲು ಮತದಾರ. ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂಬ ಜನಮತ ನಡೆದದ್ದು 2016ರ ಜೂನ್ 23ರಂದು. ಶೇ. 72.2 ಮತದಾನವಾಯಿತು, ಬಿಡೋಣ ಎಂದವರು ಶೇ. 51.9, ಇರೋಣ ಎಂದವರು ಶೇ. 48.1. ಅಂದು ವೋಟು ಹಾಕಿ ಬಂದ 12,369 ಜನರನ್ನು ಲಾರ್ಡ್ ಆಶ್‌ಕ್ರಾಫ್ಟ್ ಎಂಬ ಬ್ರಿಟಿಷ್ ರಾಜಕಾರಣಿ ನಡೆಸಿದ ಸಮೀಕ್ಷೆ ಮಾತಾಡಿಸಿತು. ಬಿಡೋಣ ಎಂದವರಲ್ಲಿ ಶೇ. 49 ಜನ ಕೊಟ್ಟ ಮುಖ್ಯ ಕಾರಣ, ಬ್ರಿಟನ್ನಿನ ನಿರ್ಧಾರ ಬ್ರಿಟನ್ನಿನಲ್ಲೇ ಆಗಬೇಕು ಎಂಬುದು. ವಲಸೆ ಮತ್ತು ಗಡಿಯ ಹತೋಟಿ ಎಂದವರು ಶೇ. 33. ಚರ್ಚೆಯಲ್ಲಿ ಒಂದು ಪಕ್ಷ 49 ಹಿಡಿದುಕೊಳ್ಳುತ್ತದೆ, ಇನ್ನೊಂದು 33. ಎರಡರಿಂದಲೂ ಏನೂ ಸಾಬೀತಾಗುವುದಿಲ್ಲ. ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗದವನ ಸಿಟ್ಟು, ಕೂಲಿ ಇಳಿದವನ ಸಿಟ್ಟು, ಪಕ್ಕದ ಮನೆಯವರ ಭಾಷೆ ಕೇಳಿದರೇ ಆಗದವನ ಸಿಟ್ಟು ಎಲ್ಲವೂ ಆ 33ರ ಒಂದೇ ಡಬ್ಬಿಯಲ್ಲಿವೆ. ಇನ್ನು ‘ನಮ್ಮ ನಿರ್ಧಾರ ನಮ್ಮದು’ ಎನ್ನುವ ಸಭ್ಯ ವಾಕ್ಯದ ಹಿಂದೆ ಯಾರ್ಯಾರು ನಿಂತಿದ್ದರೋ.

ಅದೇ ಸಮೀಕ್ಷೆಯಲ್ಲಿ ಬಿಳಿಯರು ಶೇ. 53 ಬಿಡೋಣ ಎಂದರು. ಏಷ್ಯಾ ಮೂಲದವರು ಶೇ. 67, ಕಪ್ಪು ಜನ ಶೇ. 73 ಇರೋಣ ಎಂದರು. ಅಂದರೆ ಏಷ್ಯಾ ಮೂಲದವರಲ್ಲಿ ಮೂವರಲ್ಲೊಬ್ಬರು ಬಿಡೋಣ ಎಂದವರೇ. ತಮ್ಮನ ಪ್ರಶ್ನೆ ಹುಟ್ಟುವುದು ಇಲ್ಲಿ. ಬ್ರಿಟನ್ನಿನಲ್ಲಿ ‘ಇಂಡಿಯನ್’ ಬೋರ್ಡಿನ, ಕರಿ ಹೌಸ್ ಎಂದು ಕರೆಯುವ ಹೋಟೆಲುಗಳನ್ನು ನಡೆಸುವವರು ಬಹುಪಾಲು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಊರಿನಿಂದ ಬಾಣಸಿಗನನ್ನು ಕರೆಸಲು ಅವರಿಗೆ 30 ಸಾವಿರ ಪೌಂಡಿನ ಆಸುಪಾಸು ಸಂಬಳ ತೋರಿಸಬೇಕಿತ್ತು; ಒಕ್ಕೂಟದ ದೇಶವಾದ ರುಮೇನಿಯಾದವನು ಯಾವ ವೀಸಾವೂ ಇಲ್ಲದೆ ಬಂದು ಅಡುಗೆಮನೆಗೆ ಸೇರಬಹುದಿತ್ತು, ಆದರೆ ಅವನಿಗೆ ಒಗ್ಗರಣೆ ಗೊತ್ತಿರಲಿಲ್ಲ. ಯೂರೋಪಿನ ಬಾಗಿಲು ಮುಚ್ಚಿದರೆ ನಿಮ್ಮದು ತೆರೆಯುತ್ತದೆ ಎಂದು ಬಿಡೋಣ ಪಕ್ಷದವರು ಹೇಳಿದರು; ಇವರಲ್ಲಿ ಹಲವರು ನಂಬಿದರು. 2021ರಲ್ಲಿ ಸಂಬಳದ ಮಿತಿ 25,600 ಪೌಂಡಿಗೆ ಇಳಿಯಿತು. 2024ರ ಏಪ್ರಿಲಿನಲ್ಲಿ 26,200 ಇದ್ದದ್ದು ಒಂದೇ ನೆಗೆತಕ್ಕೆ 38,700 ಆಯಿತು. ಬೀದಿ ಮೂಲೆಯ ಯಾವ ಕರಿ ಹೌಸ್ ಅಷ್ಟು ಕೊಟ್ಟೀತು? ಇದನ್ನು ‘ಕಂದು ಬಣ್ಣದವರೂ ಹಾಕಿದರು, ಆದ್ದರಿಂದ ವರ್ಣದ್ವೇಷವಿಲ್ಲ’ ಎಂದು ಓದುವುದು ತಪ್ಪು. ವಲಸೆ ಕಾನೂನು ತಮ್ಮನ್ನು ಕೀಳಾಗಿ ಕಂಡಿದೆ ಎಂಬ ದೂರೇ ಆ ವೋಟಿನ ಒಳಗಿತ್ತು.

ಕನ್ನಡಿಗರು ಕೇಳಲೇ ಕೇಳದ ಸಂಗತಿಯೊಂದು ಇಲ್ಲಿದೆ. ಆ ಮತದಾನದಲ್ಲಿ ವೋಟಿನ ಹಕ್ಕು ಇದ್ದದ್ದು ಯಾರಿಗೆ? ಬ್ರಿಟನ್ನಿನಲ್ಲಿ ವಾಸವಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಇತ್ತು. ಆರು ತಿಂಗಳ ಹಿಂದೆ ಬೆಂಗಳೂರಿನಿಂದ ಕಂಪನಿ ವೀಸಾದಲ್ಲಿ ಹೋದ ಎಂಜಿನಿಯರು ಮತದಾರರ ಪಟ್ಟಿಗೆ ಹೆಸರು ಸೇರಿಸಿ ವೋಟು ಹಾಕಬಹುದಿತ್ತು. ಹತ್ತು ವರ್ಷದಿಂದ ತೆರಿಗೆ ಕಟ್ಟುತ್ತಿದ್ದ ಪೋಲೆಂಡಿನ ಪ್ಲಂಬರ್ ಹಾಕುವಂತಿರಲಿಲ್ಲ. ಒಕ್ಕೂಟದ ದೇಶಗಳಲ್ಲಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರಿಗೆ ಮಾತ್ರ ಆ ಹಕ್ಕು. ಯಾರ ಬದುಕಿನ ತೀರ್ಪು ಅದೋ ಅವರೇ ಹೊರಗೆ ನಿಂತಿದ್ದರು, ನಾವು ಒಳಗಿದ್ದೆವು.

ಪ್ರಚಾರದ ವಿಷಯದಲ್ಲಿ ನಾನು ಇಷ್ಟು ಎಳೆಯುವುದಿಲ್ಲ. ಜೂನ್ 16ರಂದು, ಒಕ್ಕೂಟ ಬಿಡಲೇಬೇಕು ಎನ್ನುತ್ತಿದ್ದ ಯುಕಿಪ್ ಪಕ್ಷದ ನಾಯಕ ನೈಜೆಲ್ ಫರಾಜ್ ‘ಬ್ರೇಕಿಂಗ್ ಪಾಯಿಂಟ್’ (ಇನ್ನು ತಡೆಯಲಾಗದ ಹಂತ) ಎಂಬ ಪೋಸ್ಟರ್ ಬಿಡುಗಡೆ ಮಾಡಿದರು. ಚಿತ್ರದಲ್ಲಿದ್ದದ್ದು 2015ರ ಅಕ್ಟೋಬರಿನಲ್ಲಿ ಕ್ರೊಯೇಶಿಯಾ–ಸ್ಲೊವೇನಿಯಾ ಗಡಿಯಲ್ಲಿ ಸಾಲಾಗಿ ಬರುತ್ತಿದ್ದ ನಿರಾಶ್ರಿತರು. ಒಕ್ಕೂಟ ಬಿಟ್ಟರೆ ನಿಲ್ಲುವುದು ಮುಕ್ತ ಸಂಚಾರ, ಅಂದರೆ ಒಕ್ಕೂಟದ ಪ್ರಜೆಗಳು ಅದರ ಯಾವ ದೇಶದಲ್ಲಾದರೂ ಹೋಗಿ ಇದ್ದು ದುಡಿಯುವ ಹಕ್ಕು. ಆ ಸಾಲಿನಲ್ಲಿದ್ದವರಿಗೆ ಆ ಹಕ್ಕು ಇರಲೇ ಇಲ್ಲ. ಹಾಗಾದರೆ ಆ ಫೋಟೋ ಅಲ್ಲಿಗೆ ಯಾಕೆ ಬಂತು? ಮುಖದ ಬಣ್ಣಕ್ಕೆ. ಅದೇ ದಿನ ಮಧ್ಯಾಹ್ನ ವೆಸ್ಟ್ ಯಾರ್ಕ್‌ಶೈರಿನ ಬರ್ಸ್ಟಾಲ್‌ನಲ್ಲಿ ಇರೋಣ ಎನ್ನುತ್ತಿದ್ದ ಸಂಸದೆ ಜೋ ಕಾಕ್ಸ್ ಅವರನ್ನು ಬಿಳಿಯರ ಶ್ರೇಷ್ಠತೆಯ ಹುಚ್ಚು ಹಿಡಿದಿದ್ದ ಒಬ್ಬ ಕೊಂದ. ಪೋಸ್ಟರಿನಿಂದ ಕೊಲೆಯಾಯಿತು ಎಂದು ಹೇಳಬೇಡಿ, ಕೊಲೆಯ ಯೋಜನೆ ಅದಕ್ಕೂ ಹಿಂದಿನದು. ಈ ತಪ್ಪನ್ನು ಒಮ್ಮೆ ಮಾಡಿದರೆ ಎದುರಾಳಿ ನಿಮ್ಮ ಉಳಿದ ಮಾತನ್ನೆಲ್ಲ ತಿಪ್ಪೆಗೆ ಎಸೆಯುತ್ತಾನೆ.

ದ್ವೇಷಾಪರಾಧದ ಅಂಕಿಯಲ್ಲೂ ಇಂಥದ್ದೇ ಒಂದು ಗುಂಡಿ ಇದೆ. 2016ರ ಜುಲೈನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಪೊಲೀಸರು ದಾಖಲಿಸಿದ ಜನಾಂಗೀಯ, ಧಾರ್ಮಿಕ ದ್ವೇಷದ ಪ್ರಕರಣಗಳು ಹಿಂದಿನ ವರ್ಷದ ಜುಲೈಗಿಂತ ಶೇ. 40ಕ್ಕೂ ಹೆಚ್ಚು. ಆ ಒಂದು ತಿಂಗಳ ಏರಿಕೆ ನಿಜವಾದದ್ದು. ಆದರೆ ಆಮೇಲಿನ ವರ್ಷಗಳ ಪೊಲೀಸ್ ಅಂಕಿಯನ್ನು ಗೆರೆ ಎಳೆದು ‘ನೋಡಿ, ಏರುತ್ತಲೇ ಇದೆ’ ಎಂದರೆ ಸಿಕ್ಕಿಬೀಳುತ್ತೀರಿ. ಪೊಲೀಸರು ಬರೆದುಕೊಳ್ಳುವ ರೀತಿ ಸುಧಾರಿಸಿದರೂ ಅಂಕಿ ಏರುತ್ತದೆ. ಮನೆಮನೆ ಕೇಳಿ ಮಾಡುವ ಅಪರಾಧ ಸಮೀಕ್ಷೆ ಅದೇ ಕಾಲದಲ್ಲಿ ಇಳಿಕೆ ತೋರಿಸುತ್ತಿತ್ತು.

‘ಪೋಲೆಂಡಿನವರೂ ಬಿಳಿಯರೇ, ಅವರನ್ನು ಬೈದರೆ ವರ್ಣಭೇದ ಹೇಗೆ?’ ಇದು ಇನ್ನೊಂದು. ಇಲ್ಲಿ ನಮ್ಮ ಪದವೇ ಕಾಲಿಗೆ ತೊಡರುತ್ತದೆ. ‘ವರ್ಣಭೇದ’ ಎಂದೊಡನೆ ಕನ್ನಡದಲ್ಲಿ ಬಣ್ಣ ಬಂದು ಕೂರುತ್ತದೆ. ಗಾಂಧಿ, ಮಂಡೇಲಾ, ದಕ್ಷಿಣ ಆಫ್ರಿಕಾದ ರೈಲು. ಬ್ರಿಟಿಷ್ ಕಾನೂನಿನ ಪದ ಅಷ್ಟು ಕಿರಿದಲ್ಲ. 2010ರ ಸಮಾನತೆ ಕಾಯ್ದೆಯ ಪ್ರಕಾರ ‘ರೇಸ್’ ಎಂದರೆ ಬಣ್ಣ, ರಾಷ್ಟ್ರೀಯತೆ, ಜನಾಂಗೀಯ ಮೂಲ, ರಾಷ್ಟ್ರೀಯ ಮೂಲ. ಇಂಗ್ಲೆಂಡಿನ ಹಂಟಿಂಗ್ಡನ್‌ನಲ್ಲಿ ಮತದಾನದ ಮರುದಿನಗಳಲ್ಲಿ ಪೋಲಿಷ್ ಜನರನ್ನು ಕ್ರಿಮಿಗಳೆಂದು ಕರೆದ ಚೀಟಿಗಳು ಸಿಕ್ಕವಲ್ಲ, ಅದು ಜನಾಂಗೀಯ ದ್ವೇಷವೇ, ಚರ್ಮ ಎಷ್ಟು ಬೆಳ್ಳಗಿದ್ದರೂ. ಒಕ್ಕೂಟದ್ದೇ ಆದ 2000ದ ಜನಾಂಗೀಯ ಸಮಾನತೆ ನಿರ್ದೇಶನ ಮಾತ್ರ ರಾಷ್ಟ್ರೀಯತೆಯ ಆಧಾರದ ತಾರತಮ್ಯವನ್ನು ಬರೆದೇ ಹೊರಗಿಟ್ಟಿದೆ. ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್ ಎಂದರೆ ಸಮಾನತೆ, ಲಂಡನ್ ಎಂದರೆ ದ್ವೇಷ ಎಂದು ಗೆರೆ ಎಳೆದವರು ಇದನ್ನೊಮ್ಮೆ ಓದಲಿ. ಮುಕ್ತ ಸಂಚಾರ ಮನುಷ್ಯನಿಗಿರಲಿಲ್ಲ, ಪಾಸ್‌ಪೋರ್ಟಿಗಿತ್ತು. ನಮ್ಮ ಪಕ್ಕದ ಗೋವಾದವರನ್ನೇ ನೋಡಿ: 1961ಕ್ಕೆ ಮೊದಲು ಅಲ್ಲಿ ಹುಟ್ಟಿದವರೂ ಅವರ ಮಕ್ಕಳು ಮೊಮ್ಮಕ್ಕಳೂ ಲಿಸ್ಬನ್‌ನಲ್ಲಿ ಜನನ ನೋಂದಾಯಿಸಿ ಪೋರ್ಚುಗೀಸ್ ಪ್ರಜೆಗಳಾಗಿ ಸೀದಾ ಇಂಗ್ಲೆಂಡಿನ ಸ್ವಿಂಡನ್‌ಗೆ ಹೋಗಿ ಕೆಲಸ ಹಿಡಿದರು. ಗಡಿಯಾಚೆ ಕಾರವಾರದಲ್ಲಿ ಹುಟ್ಟಿದವನಿಗೆ ಆ ದಾರಿ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ‘ಅಂದ್ರೆ ಹೌದಾ, ಇಲ್ವಾ?’ ಎನ್ನುತ್ತಾರೆ. ಆಗ ನನಗೆ ಅನಿಸುವುದು, ಯಾರಾದರೂ ಒಮ್ಮೆ ‘1973ರ ಜನವರಿ 1ರಂದು ಏನಾಯಿತು?’ ಎಂದು ಕೇಳಬಾರದೇ?

ಬ್ರಿಟನ್ ಯೂರೋಪಿಯನ್ ಆರ್ಥಿಕ ಸಮುದಾಯಕ್ಕೆ ಸೇರಿದ್ದು ಅಂದು. 1971ರ ವಲಸೆ ಕಾಯ್ದೆ ಜಾರಿಗೆ ಬಂದದ್ದೂ ಅಂದೇ. ಒಂದು ಬಾಗಿಲು ತೆರೆದ ದಿನವೇ ಇನ್ನೊಂದಕ್ಕೆ ಚಿಲಕ. 1962ರವರೆಗೆ ಜಮೈಕಾದವನೂ ಜಲಂಧರದವನೂ ಬ್ರಿಟನ್ನಿಗೆ ತಡೆಯಿಲ್ಲದೆ ಬರಬಹುದಿತ್ತು. ಆ ವರ್ಷ, ದುಡಿಯಲು ಬರುವವರಿಗೆ ಸರ್ಕಾರದ ಅನುಮತಿ ಚೀಟಿ ಬೇಕು ಎನ್ನುವ ಉದ್ಯೋಗದ ವೌಚರ್ ಬಂತು. 1968ರಲ್ಲಿ ಕೀನ್ಯಾದಿಂದ ಭಾರತೀಯ ಮೂಲದವರು ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಬರತೊಡಗಿದಾಗ ಮೂರೇ ದಿನದಲ್ಲಿ ಕಾಯ್ದೆ ಮಾಡಿ, ಹೆತ್ತವರೋ ಅಜ್ಜ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿರಬೇಕು ಎಂಬ ಷರತ್ತು ಹಾಕಿದರು. ಬಣ್ಣ ಎಂಬ ಮಾತು ಕಾಯ್ದೆಯಲ್ಲಿ ಎಲ್ಲೂ ಇಲ್ಲ. 1968ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಅಜ್ಜ ಯಾವ ಬಣ್ಣದವರಿಗೆ ಇರುತ್ತಿದ್ದ, ಲೆಕ್ಕ ಹಾಕಿ. 1971ರ ಕಾಯ್ದೆ ಅದನ್ನೇ ಬಿಗಿ ಮಾಡಿತು. ಇದಕ್ಕೆ ಯಾವ ಜನಮತವೂ ನಡೆಯಲಿಲ್ಲ, ಯಾವ ಪೋಸ್ಟರೂ ಬೇಕಾಗಲಿಲ್ಲ.

ಆ ದಿನಾಂಕ 45 ವರ್ಷದ ಮೇಲೆ ಎದ್ದು ಬಂತು. 1973ರ ಜನವರಿ 1ಕ್ಕೆ ಮೊದಲು ಬಂದು ನೆಲೆಸಿದ್ದ ಕಾಮನ್‌ವೆಲ್ತ್ ಜನರಿಗೆ ಇರುವ ಹಕ್ಕು ಕಾಯಂ ಆಗಿತ್ತು, ಆದರೆ ಕಾಗದ ಕೊಟ್ಟಿರಲಿಲ್ಲ. 2014 ಮತ್ತು 2016ರ ಕಾಯ್ದೆಗಳು ಮನೆ ಮಾಲೀಕ, ಬ್ಯಾಂಕು, ಉದ್ಯೋಗದಾತ ಎಲ್ಲರನ್ನೂ ಗಡಿ ಕಾವಲುಗಾರರನ್ನಾಗಿ ಮಾಡಿದವು. ಕೆರಿಬಿಯನ್‌ನಿಂದ ಮಗುವಾಗಿ ಬಂದು ಮುದುಕರಾದವರಿಗೆ, ಇಲ್ಲಿದ್ದ ಒಂದೊಂದು ವರ್ಷಕ್ಕೂ ನಾಲ್ಕು ದಾಖಲೆ ತನ್ನಿ ಎಂದರು. ಹಡಗಿನಿಂದ ಇಳಿದಾಗ ತುಂಬಿದ ಚೀಟಿಗಳನ್ನು ಸರ್ಕಾರವೇ 2010ರಲ್ಲಿ ನಾಶ ಮಾಡಿತ್ತು. ಕೆಲಸ ಹೋಯಿತು, ಚಿಕಿತ್ಸೆ ನಿಂತಿತು, ಕೆಲವರನ್ನು ಗಡೀಪಾರೂ ಮಾಡಿದರು. 2018ರ ಏಪ್ರಿಲಿನಲ್ಲಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಕೆರಿಬಿಯನ್‌ನಿಂದ ಜನರನ್ನು ತಂದ ಹಡಗೊಂದರ ಹೆಸರು ಹೊತ್ತ ವಿಂಡ್ರಶ್ ಹಗರಣ ಎಂದರೆ ಇದೇ. ಬ್ರಿಟನ್ ಆಗಿನ್ನೂ ಒಕ್ಕೂಟದ ಒಳಗೇ ಇತ್ತು ಎಂಬುದನ್ನು ಅಣ್ಣ ಗಮನಿಸಲಿ.

ಮುಂದಿನದು ನೋಡಿ. ಬ್ರಿಟನ್ನಿನಲ್ಲಿದ್ದ ಒಕ್ಕೂಟದ ಪ್ರಜೆಗಳು 2021ರ ಜೂನ್ 30ರೊಳಗೆ ಅರ್ಜಿ ಹಾಕಿ ನೆಲೆಯ ಹಕ್ಕು ಪಡೆಯಬೇಕಾಯಿತು. ಐದು ವರ್ಷ ತುಂಬಿದವರಿಗೆ ಕಾಯಂ, ತುಂಬದವರಿಗೆ ತಾತ್ಕಾಲಿಕ. 30 ಲಕ್ಷ ಜನ ಎಂಬ ಮಾತಿತ್ತು. ಗಡುವಿನ ಹೊತ್ತಿಗೆ ಬಂದದ್ದು 60 ಲಕ್ಷ ಅರ್ಜಿ. ಕೈಗೆ ಕಾರ್ಡು ಕೊಡಲಿಲ್ಲ, ಎಲ್ಲ ಆನ್‌ಲೈನ್. ಸರ್ವರ್ ಮಲಗಿದರೆ ನಿಮ್ಮ ಹಕ್ಕೂ ಮಲಗಿದಂತೆ. ತಾತ್ಕಾಲಿಕ ಇದ್ದವರು ಎರಡನೇ ಅರ್ಜಿ ಮರೆತರೆ ಹಕ್ಕೇ ರದ್ದು ಎಂಬ ನಿಯಮವಿತ್ತು; 2022ರ ಡಿಸೆಂಬರಿನಲ್ಲಿ ಹೈಕೋರ್ಟ್ ಅದು ಕಾನೂನುಬಾಹಿರ ಎಂದಿತು. ಜಮೈಕಾದ ಮುದುಕನಿಗೆ ಆದದ್ದೇ ಪೋಲೆಂಡಿನ ಮುದುಕಿಗೆ ಆಗಬಹುದಾದ ಯಂತ್ರ ಅದು. ಬಣ್ಣ ಬೇರೆ, ಹೊರೆ ಒಂದೇ: ಇಲ್ಲಿದ್ದೆ ಎಂದು ನೀನೇ ಸಾಬೀತು ಮಾಡು.

ಈಗ ಆ ಯಂತ್ರದೊಳಗೆ ಹೆಚ್ಚು ಇರುವವರು ನಾವು. ಒಕ್ಕೂಟದ ಬಾಗಿಲು ಮುಚ್ಚಿದ ಮೇಲೆ ಒಟ್ಟು ನಿವ್ವಳ ವಲಸೆ (ಬಂದವರಲ್ಲಿ ಹೋದವರನ್ನು ಕಳೆದ ಲೆಕ್ಕ) ಕೂಡಲೇ ಇಳಿಯಲಿಲ್ಲ. 2023ರ ಹೊತ್ತಿಗೆ ವರ್ಷಕ್ಕೆ 9 ಲಕ್ಷ ದಾಟಿತು, ಬಂದವರಲ್ಲಿ ಭಾರತೀಯರೇ ಮುಂದು. ಕೆಲಸದ ವೀಸಾಕ್ಕೆ 70 ಅಂಕ ಬೇಕು: ಪರವಾನಗಿ ಇರುವ ಸ್ಪಾನ್ಸರನ, ಅಂದರೆ ವೀಸಾಕ್ಕೆ ಹೊಣೆ ನಿಲ್ಲುವ ಉದ್ಯೋಗದಾತನ, ಕೆಲಸಕ್ಕೆ 20, ಕೆಲಸದ ಮಟ್ಟಕ್ಕೆ 20, ಇಂಗ್ಲಿಷಿಗೆ 10, ಸಂಬಳಕ್ಕೆ 20. ಆರೋಗ್ಯ ಶುಲ್ಕ 2024ರಿಂದ ವರ್ಷಕ್ಕೆ 1,035 ಪೌಂಡ್. ಸ್ಪಾನ್ಸರನ ಪರವಾನಗಿ ರದ್ದಾದರೆ ಹೊಸಬರನ್ನು ಹುಡುಕಲು 60 ದಿನ. ವೃದ್ಧರ ಆರೈಕೆಗೆಂದು ಏಜೆಂಟರಿಗೆ ಲಕ್ಷಗಟ್ಟಲೆ ಸುರಿದು ಹೋದವರು ಈ 60 ದಿನಕ್ಕೆ ಹೆದರಿಯೇ ಸಂಬಳ ಕೊಡದ ಮಾಲೀಕನ ಮುಂದೆ ಬಾಯಿ ಬಿಡುವುದಿಲ್ಲ. ಮುಕ್ತ ಸಂಚಾರದಲ್ಲಿ ಬಂದ ರುಮೇನಿಯಾದವನು ಅಂಥ ಮಾಲೀಕನಿಗೆ ಬೈದು ಪಕ್ಕದ ಬೀದಿಯಲ್ಲಿ ಕೆಲಸಕ್ಕೆ ಸೇರುತ್ತಿದ್ದ.

ಇದನ್ನೂ ಕೇಳಿ ‘ನೋಡಿ, ಬಿಳಿಯರು ಎಷ್ಟು ಕೆಟ್ಟವರು’ ಎನ್ನುವವರಿಗೆ ಒಂದು ವಿಳಾಸ ಕೊಡುತ್ತೇನೆ. ಲಂಡನ್ನಿನ ಲ್ಯಾಂಬೆತ್, ಥೇಮ್ಸ್ ದಂಡೆ, ಪಾರ್ಲಿಮೆಂಟಿನಿಂದ ನಡೆದು ಹೋಗುವಷ್ಟು ದೂರ. 2015ರ ನವೆಂಬರ್ 14ರಂದು ಅಲ್ಲಿ ಬಸವಣ್ಣನ ಪ್ರತಿಮೆ ಅನಾವರಣಗೊಂಡಿತು. ಏಳು ತಿಂಗಳ ಮೇಲೆ ಅದೇ ಲ್ಯಾಂಬೆತ್ ಶೇ. 78.6 ಮತ ಹಾಕಿ ಇರೋಣ ಎಂದಿತು. ಆ ಪಾರ್ಲಿಮೆಂಟು 2013ರಲ್ಲಿ, ಸಮಾನತೆ ಕಾಯ್ದೆಯ ‘ರೇಸ್’ ಎಂಬುದರೊಳಗೆ ಜಾತಿಯನ್ನೂ ಸೇರಿಸಬೇಕೆಂದು ಸರ್ಕಾರಕ್ಕೆ ಕಾನೂನಿನಲ್ಲೇ ಹೇಳಿತ್ತು. ಬೇಡ ಎಂದು ಒತ್ತಾಯಿಸಿದವರಲ್ಲಿ ಅಲ್ಲಿನ ಹಿಂದೂ ಸಂಘಟನೆಗಳಿದ್ದವು. 2018ರ ಜುಲೈನಲ್ಲಿ ಸರ್ಕಾರ ಸೇರಿಸುವುದಿಲ್ಲ ಎಂದು ಕೈತೊಳೆದುಕೊಂಡಿತು, ಟಿರ್ಕಿ ಎಂಬ ಭಾರತೀಯ ಮನೆಗೆಲಸದಾಕೆ ಹೂಡಿದ ಮೊಕದ್ದಮೆಯಲ್ಲಿ, ಜಾತಿಯೂ ‘ಜನಾಂಗೀಯ ಮೂಲ’ದೊಳಗೆ ಬರಬಹುದು ಎಂದ 2014ರ ತೀರ್ಪೇ ಸಾಕು ಎಂದು. ಆಕೆಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದವರೂ ಭಾರತೀಯ ಮೂಲದವರೇ.