ಅಜ್ಜಿಯ ಲೋಟಗಳು

ಚಾಮರಾಜಪೇಟೆಯ ನಮ್ಮ ತಾತನ ಮನೆ ರಿಪೇರಿ ಶುರುವಾಗಿ ಮೂರನೇ ದಿನ. ಪಕ್ಕದ ಮನೆ ಅಜ್ಜಿ ಬಂದು, ಏನೂ ಹೇಳದೆ, ನನ್ನನ್ನು ತಮ್ಮ ಅಡುಗೆಮನೆಗೆ ಕರೆದುಕೊಂಡು ಹೋದರು. "ನೀನೇ ನೋಡಪ್ಪ." ಗೋಡೆಗೂಡಿನಲ್ಲಿ ಸ್ಟೀಲ್ ಲೋಟಗಳು ಕಿಣಿಕಿಣಿ ಅನ್ನುತ್ತಾ ಒಂದೊಂದೇ ಅಂಚಿಗೆ ಸರಿಯುತ್ತಿದ್ದವು. ಆಚೆ ನಮ್ಮ ಬಚ್ಚಲಲ್ಲಿ ಬ್ರೇಕರ್, ಅಂದರೆ ಕುಟ್ಟಿ ಒಡೆಯುವ ಮಿಷನ್, ಓಡುತ್ತಿತ್ತು. ಎರಡು ಮನೆಗೂ ಇರೋದು ಒಂದೇ ಗೋಡೆ.

ಹಗಲು ಹೊತ್ತು ತಾನೇ, ಕೇಳೋರು ಯಾರು ಅಂದುಕೊಂಡಿದ್ದೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಹಗಲು ಅಂದರೆ ಬೆಳಗ್ಗೆ 6ರಿಂದ ರಾತ್ರಿ 10, ಸರಿ. ಆದರೆ ಮನೆಗಳಿರುವ ಕಡೆ ಹಗಲಿನ ಮಿತಿ 55 ಡೆಸಿಬೆಲ್. ಬ್ರೇಕರ್ ಪಕ್ಕ ನಿಂತರೆ ಹತ್ತಿರ ಹತ್ತಿರ 100.

ಕಿವಿಗಿಂತ ಜಾಸ್ತಿ ಏಟು ಬಿದ್ದಿದ್ದು ಗೋಡೆಗೆ. 1892ರಲ್ಲಿ ಶುರುವಾದ ಬಡಾವಣೆ ಇದು, ಹಳೇ ಮನೆಗಳೆಲ್ಲ ಇಟ್ಟಿಗೆ, ಸುಣ್ಣದ ಗಾರೆ. ಸಿಮೆಂಟಿಗಿಂತ ಮೆತ್ತಗೆ. ಮೇಸ್ತ್ರಿ ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋದರು. ಟಕ್, ಟಕ್, ಆಮೇಲೆ ಡಬ್. "ಇಲ್ಲಿ ಬಿಟ್ಟುಕೊಂಡಿದೆ ಸಾರ್." ಅದುರಿ ಅದುರಿ ಗಾರೆ ಇಟ್ಟಿಗೆಯಿಂದ ಬಿಟ್ಟಿತ್ತು. ಈ ಪ್ಲಾನ್ ಹಾಕಿದವನು ನಾನೇ, ಬೈಯೋದಕ್ಕೂ ಯಾರೂ ಸಿಗಲಿಲ್ಲ.

ಬ್ರೇಕರ್ ವಾಪಸ್ ಕಳಿಸಿದೆವು. ಈಗ ಒಡೆಯಬೇಕಾದ ಜಾಗದ ಸುತ್ತ ಮೊದಲು ಕಟ್ಟರ್‌ನಲ್ಲಿ ಗೀರು ಹಾಕಿ, ಉಳಿದ ಗೋಡೆಯಿಂದ ಬೇರೆ ಮಾಡಿ, ಆಮೇಲೆ ಉಳಿ ಸುತ್ತಿಗೆಯಲ್ಲಿ ಬಿಡಿಸುತ್ತಾರೆ. ಹಾಗಾಗಿ ಅದುರು ಆಚೆಗೆ ಅಷ್ಟು ದಾಟೋದಿಲ್ಲ. ಕಟ್ಟರ್ ಕೂಡ ಕಿರುಚುತ್ತದೆ ನಿಜ, ಆದರೆ ದಿನಕ್ಕೆ ಅರ್ಧ ಗಂಟೆ, ಅದೂ ಅಜ್ಜಿ ದೇವಸ್ಥಾನಕ್ಕೆ ಹೋದಾಗ. ನಾಲ್ಕು ದಿನದ ಕೆಲಸ ಹನ್ನೊಂದು ದಿನ ಆಯಿತು, ಕೂಲಿ ಲೆಕ್ಕ ಕೇಳಬೇಡಿ.

ರಸ್ತೆ ಸದ್ದಿಗೆ ತೇಗದ ಕಿಟಕಿ ಕಿತ್ತು ಹೊಸದು ಹಾಕಿಸಿ ಅಂದವರೇ ಎಲ್ಲ. ಯಾಕೆ? ಒಂದೂವರೆ ಅಡಿ ಗೋಡೆ ಸದ್ದನ್ನು ಚೆನ್ನಾಗಿಯೇ ತಡೆಯುತ್ತದೆ. ಗಾಳಿ ನುಗ್ಗುವ ಸಂದಿಯಲ್ಲೇ ಹಾರ್ನೂ ನುಗ್ಗೋದು. ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ, ಒಳಗಡೆ ನಾಲ್ಕು ಇಂಚು ಬಿಟ್ಟು ಇನ್ನೊಂದು ಗಾಜಿನ ಕಿಟಕಿ ಕೂರಿಸಿದೆವು. ಗೋಡೆ ದಪ್ಪ ಇದೆಯಲ್ಲ, ಜಾಗಕ್ಕೇನೂ ಬರವಿಲ್ಲ. ಆಟೋ ಹಾರ್ನ್ ಈಗ ಎರಡು ಬೀದಿ ಆಚೆಯಿಂದ ಬಂದ ಹಾಗೆ ಕೇಳುತ್ತದೆ.

ಇನ್ನೊಂದು ರೂಮು ಬಾಕಿ. ಅಜ್ಜಿ ಲೋಟಗಳನ್ನು ಇನ್ನೂ ಗೂಡಿಗೆ ಏರಿಸಿಲ್ಲ, ನೆಲದ ಮೇಲೆ ಬುಟ್ಟಿಯಲ್ಲೇ ಇವೆ.