ನಾಲ್ಕು ಜನ ಈ ಕಡೆ, ನಾಲ್ಕು ಜನ ಆ ಕಡೆ

ಬೇರೆ ಬೇರೆ ಪಕ್ಷದವರನ್ನು ಕೂರಿಸಿ ಮಾತಾಡಿಸಲು ಹೊರಟವರು ಮೊದಲು ಎಡವುವುದು ತಲೆಲೆಕ್ಕದಲ್ಲಿ. ಒಂದು ಕಡೆಯವರು ಆರು, ಇನ್ನೊಂದು ಕಡೆಯವರು ಎರಡು ಎಂದಾದರೆ ಆ ಇಬ್ಬರು ಒಂದೋ ಬಾಯಿ ಮುಚ್ಚುತ್ತಾರೆ, ಇಲ್ಲವೇ ಇಡೀ ಪಕ್ಷದ ವಕೀಲರಾಗುತ್ತಾರೆ. ನಾಲ್ಕು ನಾಲ್ಕು ಇರಲಿ, ನಡೆಸಿಕೊಡಲು ಒಬ್ಬರು. ಪದಾಧಿಕಾರಿಗಳು ಬೇಡ.

ಮಂಗಳೂರಿನಲ್ಲಾದರೆ ಶುಕ್ರವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಎರಡೂ ಆಗದು. ಭಾನುವಾರ 3ರಿಂದ 5 ಸರಿ. ದೇವಸ್ಥಾನ, ಇಗರ್ಜಿ, ಮಸೀದಿಯ ಹಾಲ್ ಬಿಟ್ಟು ಶಾಲೆಯ ಕೋಣೆ ನೋಡಿ. ಮೊಬೈಲುಗಳು ಬುಟ್ಟಿಗೆ. ತುಣುಕು ವಾಟ್ಸಾಪಿಗೆ ಹೋದೀತೆಂಬ ಅನುಮಾನವಿದ್ದರೆ ಯಾರೂ ನಿಜ ಹೇಳುವುದಿಲ್ಲ. ಎಲ್ಲರಿಗೂ ಬರುವುದಾದರೆ ತುಳುವೇ ಒಳ್ಳೆಯದು, ಟಿವಿ ಚರ್ಚೆಯ ರೆಡಿಮೇಡ್ ಸಾಲುಗಳು ತುಳುವಿನಲ್ಲಿ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಒಬ್ಬರಿಗೆ ಬಾರದಿದ್ದರೂ ಕನ್ನಡ.

ಮಾತುಕತೆ ನಡೆಸುವ ಕ್ರಮ ಅಮೆರಿಕದ್ದು. 2016ರ ಡಿಸೆಂಬರಿನಲ್ಲಿ ಓಹಾಯೋ ರಾಜ್ಯದ ಸೌತ್ ಲೆಬನಾನಿನಲ್ಲಿ ಟ್ರಂಪ್ ಕಡೆಯ 10, ಕ್ಲಿಂಟನ್ ಕಡೆಯ 11 ಮಂದಿಯನ್ನು ಕೂರಿಸಿದವರ ಸಂಘಟನೆ ಈಗ ಬ್ರೇವರ್ ಏಂಜಲ್ಸ್. ಕ್ರಮ ರೂಪಿಸಿದ ಬಿಲ್ ಡೊಹರ್ಟಿ ಗಂಡ ಹೆಂಡಿರ ಜಗಳ ಬಿಡಿಸುವ ಚಿಕಿತ್ಸಕ! ಒಂದು ಕಡೆಯ ನಾಲ್ವರು ಒಳವೃತ್ತದಲ್ಲಿ, ಇನ್ನೊಂದು ಕಡೆಯವರು ಸುತ್ತ. ಒಳಗಿನವರಿಗೆ ಎರಡೇ ಪ್ರಶ್ನೆ: ನಿಮ್ಮ ಕಡೆಯ ವಿಚಾರ ದೇಶಕ್ಕೆ ಯಾಕೆ ಒಳ್ಳೆಯದು? ನಿಮ್ಮದೇ ಕಡೆಯ ಬಗ್ಗೆ ನಿಮಗಿರುವ ಕಸಿವಿಸಿ ಏನು? ಹೊರಗಿನವರು ತುಟಿ ಬಿಚ್ಚುವಂತಿಲ್ಲ. 20 ನಿಮಿಷಕ್ಕೆ ಅದಲು ಬದಲು.

ಎರಡನೇ ಪ್ರಶ್ನೆಯಲ್ಲೇ ಜೀವ ಇರುವುದು, ಕೆಡುವುದೂ ಅಲ್ಲೇ. "ನಮ್ಮ ನಾಯಕರು ಸ್ವಲ್ಪ ಜಾಸ್ತಿಯೇ ಮೃದು" ಎಂದು ಜಾರಿಕೊಳ್ಳುವವರು ಇದ್ದೇ ಇರುತ್ತಾರೆ. ಆಗ ನಡೆಸುವವರು, "ಅದು ಹೊಗಳಿದ ಹಾಗಾಯ್ತಲ್ಲ ಮಾರಾಯ್ರೆ, ನಿಮಗೆ ಬೇಜಾರಾದದ್ದು ಒಂದು ಹೇಳಿ" ಎಂದು ಕೇಳಿ ಸುಮ್ಮನಾಗಬೇಕು. ಮೌನ ಅರ್ಧ ನಿಮಿಷ ಎಳೆದರೂ ಜೋಕ್ ಹೇಳಿ ತುಂಬಿಸಬಾರದು.

ಎದುರಿನವರ ನ್ಯಾಯ ಬಾಯಲ್ಲಿ ಹಿಡಿಯುವುದು ನಮ್ಮೂರಿಗೆ ಹೊಸತಲ್ಲ. ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಳೆ, ಅದರಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿ ಇವತ್ತು ಕೃಷ್ಣ, ನಾಳೆ ಕೌರವ. ಆದರೆ ಅಲ್ಲಿ ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕಿದರೆ ಚಪ್ಪಾಳೆ. ಇಲ್ಲಿ ಚಪ್ಪಾಳೆಯನ್ನು ಮೊದಲೇ ನಿಷೇಧಿಸಿ.

"ನಿಮ್ಮವರು" ಎಂಬ ಪದದ ಮೇಲೂ ಕಣ್ಣಿರಲಿ. "ನಿಮ್ಮವರು ಅವತ್ತು ಹಾಗೆ ಮಾಡಿದ್ದು ಯಾಕೆ?" ಎಂದರೆ ಎದುರಿನವರು ಕಟಕಟೆಯಲ್ಲಿ ನಿಂತ ಹಾಗೆ. "ಅದನ್ನು ಕೇಳಿದಾಗ ನಿಮಗೆ ಏನನ್ನಿಸಿತು?" ಎಂದು ತಿರುಗಿಸಿ.

ಗೋಳಿಬಜೆ, ಚಹಾ ಕೊನೆಗೆ. ಮೊದಲೇ ಕೊಟ್ಟರೆ ಗುರುತಿದ್ದವರೆಲ್ಲ ಒಂದೇ ಬದಿಗೆ ಕೂತುಬಿಡುತ್ತಾರೆ.