ಹೆಬ್ಬೆರಳ ಮೇಲೆ ಮೇಣ

ಸಂಜೆ ಫಿಲೋಮಿನಾ ಚರ್ಚಿಗೆ ಹೋಗಿದ್ದೆ. ಅಮ್ಮನ ರಿಪೋರ್ಟ್ ಬರುವುದು ಸೋಮವಾರ. ಸುಮ್ನೆ ಮನೆಯಲ್ಲಿ ಕೂರಲು ಆಗಲಿಲ್ಲ.

ಮೇಣದಬತ್ತಿ ಹಚ್ಚಿದೆ. ಗಾಳಿಗೆ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಪಕ್ಕದಲ್ಲಿದ್ದ ಅಜ್ಜಿ ಅಂಗೈ ಅಡ್ಡ ಹಿಡಿದು, ತಮ್ಮ ಬತ್ತಿಯಿಂದಲೇ ನನ್ನದನ್ನು ಹೊತ್ತಿಸಿದರು. ಒಂದು ಹನಿ ಮೇಣ ನನ್ನ ಹೆಬ್ಬೆರಳ ಮೇಲೆ ಬಿತ್ತು. ಚುರುಕ್ ಅಂತು.

"ಬಿಡು ಮಗಳೇ, ಯೇಸಪ್ಪ ನೋಡ್ಕೋತಾನೆ" ಅಂದರು.

1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಚರ್ಚು. ಎಷ್ಟು ಜನ ಇಲ್ಲಿ ಹೀಗೆ ಕೈ ಅಡ್ಡ ಹಿಡಿದು ನಿಂತಿದ್ದಾರೋ!

ಬೈಬಲಿನ ಕಥೆಯಲ್ಲಿ, ಬಿರುಗಾಳಿ ಎದ್ದಾಗ ಯೇಸು ದೋಣಿಯಲ್ಲಿ ದಿಂಬಿಗೆ ತಲೆ ಕೊಟ್ಟು ಮಲಗಿದ್ದರು ಅಲ್ವಾ? ನನಗೆ ಯಾವಾಗಲೂ ಶಿಷ್ಯರ ಗಾಬರಿಯೇ ಅರ್ಥವಾಗುತ್ತಿತ್ತು. ಇವತ್ತು ಮೊದಲ ಸಲ ಆ ನಿದ್ದೆ ಅರ್ಥವಾಯಿತು.

ಮನೆಗೆ ಬಂದೆ. ಬೆರಳ ಮೇಲಿನ ಮೇಣ ಕೆರೆದು ತೆಗೆಯಲು ಮನಸ್ಸಾಗಲಿಲ್ಲ.